ಒಂದು ಗೇಣು ಮುಖ

ಆಕೆ ಅಂಗಡಿಗೆ ಬಂದದ್ದು ಬೆಳಿಗ್ಗೆ ಎಂದು ಬರೆಯಲು ಹೊರಟಿದ್ದೆ. ಬೆಳಿಗ್ಗೆ ಎಂದರೆ ಹೇಳುವುದಕ್ಕೆ ಅನುಕೂಲ. ಗಿರಾಕಿಗಳಿರುವುದಿಲ್ಲ, ನಾನು ಟಿ.ವಿ.ಗಳ ಧೂಳು ಒರೆಸುತ್ತಿರುತ್ತೇನೆ, ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಲ್ಲುತ್ತಾಳೆ. ಆದರೆ ಆಕೆಯ ಕಂಕುಳಲ್ಲಿ ಮಡಚಿದ ಖಾಲಿ ಚೀಲಗಳಿದ್ದವು. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ ಚೀಲ ಖಾಲಿಯಾಗುವ ಹೊತ್ತಿಗೆ ಬೆಳಿಗ್ಗೆ ಎಂಬುದು ಮುಗಿದಿರುತ್ತದೆ. ಹಾಗಾಗಿ ಮಧ್ಯಾಹ್ನವೇ ಇರಬೇಕು. ಚೀಲಗಳಂತೂ ಖಂಡಿತ ಇದ್ದವು. ಉಳಿದದ್ದನ್ನು ಚೀಲದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡಿದ್ದೇನೆ.

ಟಿ.ವಿ. ತೋರಿಸುವುದು, ಮಾರಿದ್ದನ್ನು ಮನೆಗೆ ಹೋಗಿ ಗೋಡೆಗೆ ಕೂರಿಸುವುದು ಎರಡೂ ನನ್ನ ಕೆಲಸ. ಅಂಗಡಿಯಲ್ಲಿ ಸಾಲಾಗಿ ನೇತುಹಾಕಿದ ಪರದೆಗಳಲ್ಲಿ ಇಡೀ ದಿನ ಗಿಳಿ ಹಾರುತ್ತದೆ, ಕಿತ್ತಳೆ ಹಣ್ಣು ಸೀಳಿಕೊಳ್ಳುತ್ತದೆ, ಜಲಪಾತ ಬೀಳುತ್ತದೆ. ಮತ್ತೆ ಗಿಳಿ. ಬೆಳಕನ್ನು ಪೂರ್ತಿ ಏರಿಸಿ ಇಟ್ಟಿರುತ್ತೇವೆ. ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಹೊಳೆಯದ ಟಿ.ವಿ.ಯನ್ನು ಯಾರೂ ಕೊಳ್ಳುವುದಿಲ್ಲ.

ಆಕೆ ಸಾಲಿನ ಮುಂದೆ ಒಂದು ಸಲ ನಡೆದುಹೋಗಿ, ತಿರುಗಿ ಬಂದು ಕೇಳಿದಳು: “ಇದ್ರಲ್ಲಿ ಬೆಳಕು ಕಮ್ಮಿ ಇರೋದು ಯಾವ್ದು ಮೇಡಂ?”

“ಬೆಳಕು ಕಮ್ಮಿನಾ?”

“ಊಂ. ಟಿ.ವಿ. ದೊಡ್ದಿರ್ಬೇಕು. ಬೆಳಕು ಕಮ್ಮಿ ಇರ್ಬೇಕು.”

ಗಲ್ಲಾದ ಹಿಂದಿನಿಂದ ಮಾಲೀಕರು ನಕ್ಕರು. “ಅಂಥದ್ದು ಬೇಕಂದ್ರೆ ಗೋಡೌನಲ್ಲಿ ಕೆಟ್ಟೋಗಿರೋದೊಂದು ಐತೆ ತಾಯಿ.”

“ನಿಮ್ಮ ಅಂಗ್ಡಿ ಬೋರ್ಡ್‌ನಾಗೂ ಅರ್ಧ ಲೈಟು ಉರೀತಿಲ್ಲ ಸ್ವಾಮಿ. ಯಾಪಾರ ನಡೀತಿಲ್ವಾ?” ಎಂದಳು ಆಕೆ.

ಮಾಲೀಕರು ಹೊರಗೆ ಹೋಗಿ ಬೋರ್ಡು ನೋಡಿಕೊಂಡು ಬಂದರು.

ಆಕೆ ಕೈಲಾಂಚದ ಕಡೆಯ ಒಂದು ಹಳ್ಳಿಯವಳು. ನನ್ನ ವಯಸ್ಸಿನವಳೇ ಇರಬಹುದು, ನಲವತ್ತು ದಾಟಿದ್ದಳು. ಗಂಡ ತೀರಿಕೊಂಡಿದ್ದಾನೆ. ಮನೆಯ ಹಜಾರವೇ ಹುಳದ ಮನೆ, ಒಬ್ಬಳೇ ರೇಷ್ಮೆ ಹುಳ ಸಾಕುತ್ತಾಳೆ. ಹುಳ ಇದ್ದಷ್ಟು ದಿನ ಹೊರಗಿನವರನ್ನು ಒಳಗೆ ಬಿಡುವ ಹಾಗಿಲ್ಲ, ಅವರ ಕಾಲಲ್ಲಿ ರೋಗ ಬರುತ್ತದೆ. ಆಕೆ ಬಿಟ್ಟು ಹೋಗುವ ಹಾಗೂ ಇಲ್ಲ, ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. “ಹುಳ ಇಲ್ದಾಗ ನಂಗೆ ಟಿ.ವಿ.ನೇ ಬ್ಯಾಡ. ಊರೇ ಜಗಲಿ ಮ್ಯಾಲಿರ್ತದೆ. ಹುಳ ಇದ್ದಾಗಲೇ ಬೇಕು” ಎಂದಳು. ಆದರೆ ಹುಳಕ್ಕೆ ಜೋರು ಬೆಳಕು ಆಗುವುದಿಲ್ಲ. ಟಿ.ವಿ. ಬೇಕಾಗುವ ಹೊತ್ತೂ ಟಿ.ವಿ. ಇರಬಾರದ ಹೊತ್ತೂ ಒಂದೇ.

ಇಂಥ ಗಿರಾಕಿ ನನಗೆ ಮೊದಲು ಸಿಕ್ಕಿರಲಿಲ್ಲ. ಕನಕಪುರದಿಂದ ಮಾಗಡಿಯವರೆಗೆ ಜನ ಕೇಳುವುದು ಎಷ್ಟು ಇಂಚು, ಎಷ್ಟು ಸೌಂಡು, ಪಕ್ಕದ ಮನೆಯದಕ್ಕಿಂತ ದೊಡ್ಡದೋ ಅಲ್ಲವೋ ಎಂದು. ನಾನು ಎರಡು ಟಿ.ವಿ.ಗಳನ್ನು ಗೋಡೌನಿಗೆ ಒಯ್ದು, ಶಟರು ಎಳೆದು ಕತ್ತಲು ಮಾಡಿದೆ. ಒಂದು ಮಾಮೂಲಿಯದು. ಚಿತ್ರದ ಹಿಂದೆ ದೀಪಗಳ ಸಾಲಿರುತ್ತದೆ. ಚಿತ್ರದಲ್ಲಿ ರಾತ್ರಿಯಾದರೂ ಹಿಂದಿನ ದೀಪ ಪೂರ್ತಿ ಆರದೆ ಕಪ್ಪೆಲ್ಲ ಬೂದಿಯಾಗುತ್ತದೆ. ಇನ್ನೊಂದರಲ್ಲಿ ಹಿಂದೆ ದೀಪವೇ ಇಲ್ಲ. ಪ್ರತಿ ಚುಕ್ಕೆಯೂ ತನ್ನಷ್ಟಕ್ಕೆ ಉರಿಯುತ್ತದೆ, ಕಪ್ಪು ಬೇಕಾದ ಕಡೆ ಆರಿಯೇ ಹೋಗುತ್ತದೆ. ಎರಡನ್ನೂ ಅಂಗಡಿಯ ಹೊಳಪಿನಿಂದ ಮನೆಯ ಹೊಳಪಿಗೆ ಇಳಿಸಿ, ಒಂದೇ ಧಾರಾವಾಹಿಯ ಕತ್ತಲ ದೃಶ್ಯ ಹಾಕಿದೆ.

ಆಕೆ ಪರದೆ ನೋಡಲಿಲ್ಲ. ಪರದೆಗೆ ಬೆನ್ನು ಹಾಕಿ, ಕೈ ಮುಂದೆ ಚಾಚಿ, ತನ್ನ ಅಂಗೈಯನ್ನೇ ನೋಡಿದಳು. ಮೊದಲನೆಯದರ ಮುಂದೆ ಬಳೆಗಳೂ ಕಾಣುತ್ತಿದ್ದವು. ಎರಡನೆಯದರ ಮುಂದೆ ಕೈ ಇದೆಯೆಂಬುದಷ್ಟೇ ಗೊತ್ತಾಗುತ್ತಿತ್ತು.

“ಇದು ಪರವಾಗಿಲ್ಲ. ಈಗ ಮುಖ ನೋಡಬೇಕು.”

ವಾರ್ತೆ ಓದುವ ಹೆಂಗಸಿನ ಚಿತ್ರ ಹಾಕಿಸಿ ಆಕೆ ಹತ್ತಿರ ಹೋದಳು. ಹೆಬ್ಬೆರಳನ್ನು ತನ್ನ ಗಲ್ಲದ ಕೆಳಗೆ ಇಟ್ಟು ಕಿರುಬೆರಳನ್ನು ಹಣೆಯ ಕೂದಲಂಚಿಗೆ ಮುಟ್ಟಿಸಿದಳು. ಒಂದು ಗೇಣು. ಅದೇ ಗೇಣನ್ನು ಹಾಗೆಯೇ ಹಿಡಿದುಕೊಂಡು ಪರದೆಯ ಮೇಲಿನ ಮುಖಕ್ಕೆ ಇಟ್ಟಳು. ಐವತ್ತೈದು ಇಂಚಿನದರಲ್ಲಿ ಕಿರುಬೆರಳು ವಾರ್ತೆಯವಳ ತಲೆ ದಾಟಿ ಮೇಲೆ ಹೋಯಿತು.

“ಮನುಷ್ಯರ ಮುಖ ಮನುಷ್ಯರ ಮುಖದಷ್ಟೇ ಇರ್ಬೇಕು ಕಣಮ್ಮ. ಚಿಕ್ಕದಾದ್ರೆ ಫೋಟೋ ನೋಡ್ದಂಗಾಯ್ತದೆ. ದೊಡ್ಡದಾದ್ರೆ ದೇವ್ರು.”

ಅರವತ್ತೈದು ಇಂಚಿನದನ್ನು ಒಳಗಿನಿಂದ ತರಿಸಿದೆ. ಗೇಣು ಗಲ್ಲದಿಂದ ಹಣೆಗೆ ಸರಿಯಾಗಿ ಕೂತಿತು. ಆಕೆ ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ವಾರ್ತೆಯವಳು ಆ ಕೈಯ ಕೆಳಗೇ ಮಾತಾಡುತ್ತಿದ್ದಳು. ನನಗೆ ಕಲಿಸಿರುವ ಲೆಕ್ಕ ಬೇರೆ. ಕೂರುವ ಜಾಗದಿಂದ ಗೋಡೆಗೆ ಎಷ್ಟು ಅಡಿ, ಅದಕ್ಕೆ ಎಷ್ಟು ಇಂಚು ಎನ್ನುವುದು. ಆ ಲೆಕ್ಕದಲ್ಲೂ ಅರವತ್ತೈದೇ ಬರುತ್ತಿತ್ತೋ ಏನೋ. ನಾನು ಹಾಕಿ ನೋಡಲಿಲ್ಲ.

ಸಾಮಾನು ತಲುಪಿಸಲು ಆಕೆ ಹೇಳಿದ ವಾರದಲ್ಲೇ ಗೂಡ್ಸ್ ಆಟೋದಲ್ಲಿ ಹೋದೆ. ಬಾಗಿಲ ಮುಂದೆ ಸುಣ್ಣ ಎರಚಿತ್ತು. ಒಂದು ಬೇಸಿನ್ನಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು. ಡ್ರಿಲ್ಲಿನ ಪೆಟ್ಟಿಗೆ ಹಿಡಿದು ಹೊಸ್ತಿಲ ಹತ್ತಿರ ಹೋದೆನೋ ಇಲ್ಲವೋ ಒಳಗಿನಿಂದ ಕೂಗು ಬಂತು.

“ನಿಂತ್ಕಳಿ, ನಿಂತ್ಕಳಿ! ಕೈಗೇನ್ ಹಚ್ಕಂಡಿದೀರಿ?”

ಸೊಳ್ಳೆಯ ಕ್ರೀಮು. ಅದನ್ನು ಸೋಪು ಹಾಕಿ ತೊಳೆಸಿದಳು, ಆಮೇಲೆ ಬೇಸಿನ್ನಿನಲ್ಲಿ ಅದ್ದಿಸಿದಳು. ಮುಡಿದ ಹೂ ತೆಗೆಸಿದಳು. ಡ್ರಿಲ್ಲಿನ ಪೆಟ್ಟಿಗೆ ನೋಡಿ, “ಅದು ಒಳೀಕೆ ಬರಂಗಿಲ್ಲ. ನಾಕ್ನೇ ಜ್ವರಕ್ಕೆ ಕೂತವೆ. ಅಲ್ಲಾಡಂಗಿಲ್ಲ” ಎಂದಳು. ಹುಳ ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಕದಲದೆ ಕೂರುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಗೋಡೆ ಕೊರೆದರೆ ಧೂಳು ಬೀಳುತ್ತದೆ, ಅದುರುತ್ತದೆ. ಹಾಗಾಗಿ ಗೋಡೆಯ ಮಾತು ಬಿಟ್ಟು ಒಂದು ಕಬ್ಬಿಣದ ಮೇಜಿನ ಮೇಲೆ ಕೂರಿಸಿದೆವು.

ಜಗಲಿಯ ಮೇಲೆ ಆಕೆಯ ಮೈದುನ ಕೂತಿದ್ದ. ಪಕ್ಕದ ಮನೆಯವನು. “ಏನತ್ಗೆ, ಹುಳಕ್ಕೂ ಸೀರಿಯಲ್ ತೋರಿಸ್ತೀರಾ?” ಎಂದ.

“ತೋರಿಸ್ತೀನಿ. ನಿನ್ನಂಗೆ ಮಧ್ಯದಲ್ಲಿ ಮಾತಾಡಕಿಲ್ಲ ಅವು.”

ಅವನು ನನ್ನ ಕಡೆ ತಿರುಗಿದ. “ಮೇಡಂ, ಬಿಲ್ಲು ಜೋಪಾನವಾಗಿ ಇಟ್ಕಳಕ್ಕೇಳಿ. ಈ ಬೆಳೆ ಹೋಯ್ತು ಅಂದ್ರೆ ಹುಳದ ಮನೆ ಕೀ ನನ್ ಕೈಗೆ. ಟಿ.ವಿ. ಅವ್ರೇ ಎತ್ಕಂಡು ಹೋಗ್ಬೋದು.”

ತಮಾಷೆಯಲ್ಲ ಅದು. ಗಂಡ ಹೋದ ಮೇಲೆ ಊರ ಹಿರಿಯರ ಮುಂದೆ ಹಾಗೇ ಮಾತಾಗಿತ್ತಂತೆ. ಸೊಪ್ಪಿನ ತೋಟ, ಹುಳದ ಮನೆ ಅವಳದೇ, ಬೆಳೆ ಸರಿಯಾಗಿ ತೆಗೆಯುತ್ತಿರುವಷ್ಟು ಕಾಲ. ಒಂದು ಬೆಳೆ ಕೆಟ್ಟರೆ ಒಬ್ಬಳ ಕೈಲಿ ಆಗದು ಎಂದು ಅರ್ಥ, ತೋಟ ಮೈದುನ ನೋಡಿಕೊಳ್ಳುತ್ತಾನೆ. ಇದನ್ನು ಆಕೆ ನನಗೆ ಹೇಳಿದ್ದು ಹುಳಗಳ ಮೇಲಿನ ಪೇಪರು ಸರಿ ಮಾಡುತ್ತ, ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ.

ನಾನು ಕೆಲಸ ಜಾಗ್ರತೆಯಾಗಿ ಮಾಡಿದೆ. ಕೋಣೆಯ ಬೆಳಕು ನೋಡಿ ತಾನೇ ಹೊಳಪು ಏರಿಸಿಕೊಳ್ಳುವ ಕಣ್ಣೊಂದು ಟಿ.ವಿ.ಗೆ ಇರುತ್ತದೆ, ಅದನ್ನು ಆರಿಸಿದೆ. ಹೊಳಪನ್ನು ಕಡೆಯ ಅಂಚಿಗೆ ಇಳಿಸಿದೆ. ನೀಲಿ ಕಮ್ಮಿ ಮಾಡಿ ಹಳದಿಗೆ ತಿರುಗಿಸಿದೆ. ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು, ಸೊಪ್ಪಿನ ತಟ್ಟೆಗಳ ಸಾಲಿನಲ್ಲಿ ಹತ್ತಿರ, ನಡುವೆ, ದೂರ ನಿಂತು ನೋಡಿದೆ. ಧಾರಾವಾಹಿ ಹಾಕಿ ನೋಡಿದೆ, ವಾರ್ತೆ ಹಾಕಿ ನೋಡಿದೆ. ಕಿಟಕಿಯ ಸಂದಿಯಿಂದ ಬರುವ ಬೆಳಕಿಗಿಂತ ಹೆಚ್ಚೇನೂ ಇರಲಿಲ್ಲ. ಹೊರಡುವಾಗ ಎಲ್ಲ ಮನೆಗಳಲ್ಲೂ ಹೇಳುವ ಮಾತನ್ನೇ ಹೇಳಿದೆ: “ಏನೇ ತೊಂದರೆ ಇದ್ದರೂ ಫೋನ್ ಮಾಡಿ.” ಯಾರೂ ಮಾಡುವುದಿಲ್ಲ. ಕಂಪನಿಯ ನಂಬರಿಗೆ ಮಾಡುತ್ತಾರೆ.

ಜ್ವರ ಎದ್ದ ಮೇಲೆ ಒಂದು ದಿನ ಕೈಲಾಂಚದ ಕಡೆ ಬೇರೆ ಕೆಲಸವಿತ್ತು, ಸ್ಕೂಟರಿನಲ್ಲಿ ಆ ದಾರಿಯಲ್ಲೇ ಬಂದೆ. ದಾರಿ ಅದೇ ಆಗಬೇಕಾಗಿರಲಿಲ್ಲ. ಕಿಟಕಿಯಿಂದಲೇ ಮಾತಾಡಿಸಿದೆ. ಒಳಗೆ ಹುಳ ಸೊಪ್ಪು ಕಡಿಯುವ ಸದ್ದು. ಎಲ್ಲರೂ ಅದನ್ನು ಮಳೆಯ ಸದ್ದು ಎನ್ನುತ್ತಾರೆ. ನಾನೂ ಮೊದಲು ಮಳೆ ಎಂದೇ ಬರೆದು ಹೊಡೆದುಹಾಕಿದೆ. ಯಾರೋ ಕೋಣೆಯ ಎಲ್ಲ ಮೂಲೆಗಳಲ್ಲೂ ಒದ್ದೆ ಕಾಗದ ಹರಿಯುತ್ತಿದ್ದ ಹಾಗಿತ್ತು. ವಾರ್ತೆಯವಳ ದನಿ ಅದರೊಳಗೆ ಮುಳುಗಿತ್ತು. ಆಕೆ ಸೊಪ್ಪಿನ ಕಡ್ಡಿ ಹರಡುತ್ತ, “ಏನ್ ಹೇಳ್ತಾಳೋ ಕೇಳಕಿಲ್ಲ. ಅವಳು ಹೇಳ್ತಾನೇ ಇರ್ತಾಳೆ, ನಾನು ಊಂ ಅಂತಾನೇ ಇರ್ತೀನಿ” ಎಂದಳು. ನಕ್ಕಳು. ಚೆನ್ನಾಗಿ ಕೂತಿದೆ ಕೆಲಸ ಎಂದುಕೊಂಡು ಚನ್ನಪಟ್ಟಣದ ನನ್ನ ಬಾಡಿಗೆ ಮನೆಗೆ ಹೋದೆ.

ಫೋನು ಬಂದದ್ದು ಅದಾದ ಮೇಲೆ, ಮೋಡ ಮುಚ್ಚಿದ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರಿಗೆ ಗಿಳಿ ತೋರಿಸುತ್ತಿದ್ದೆ.

“ಅಕ್ಕ, ಟಿ.ವಿ. ತೊಂದ್ರೆ ಆಗೈತೆ.”

“ಏನಾಗಿದೆ? ಚಿತ್ರ ಬರ್ತಿಲ್ವಾ?”

“ಬತ್ತಾ ಐತೆ. ಅದೇ ತೊಂದ್ರೆ. ಒಸಿ ಬೇಗ ಬನ್ನಿ.”

ಕೈ ತೊಳೆದು ಒಳಗೆ ಹೋದೆ. ಹುಳ ಹಣ್ಣಾಗಿ, ಎಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಿಕೆಗೆ ಏರಿದ್ದವು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿ, ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕಟ್ಟಿರುತ್ತಾರೆ, ಆ ಸಂದುಗಳಲ್ಲಿ ಹುಳ ಗೂಡು ಕಟ್ಟುತ್ತದೆ. ಪ್ರತಿ ಬೆಳೆಗೂ ಚಂದ್ರಿಕೆಗಳನ್ನು ಅಂಗಳದ ಚಪ್ಪರದಲ್ಲಿ ಒರಗಿಸುತ್ತಾಳೆ. ಈ ಸಲ ಮಳೆ ಬರುವ ಹಾಗಿತ್ತೆಂದು ಹಜಾರದಲ್ಲೇ, ಟಿ.ವಿ.ಯ ಎದುರೇ ಒರಗಿಸಿದ್ದಳು.

ಕಂಡದ್ದು ಇಷ್ಟು. ಪ್ರತಿ ಚಂದ್ರಿಕೆಯಲ್ಲೂ ಟಿ.ವಿ.ಯ ಕಡೆಯ ಅರ್ಧ ಬರಿದಾಗಿತ್ತು. ಆಚೆಯ ಅರ್ಧದಲ್ಲಿ ಹುಳಗಳು ಒಂದರ ಮೇಲೊಂದು ಕಿಕ್ಕಿರಿದಿದ್ದವು, ಬಸ್ಸಿನ ಒಂದೇ ಬಾಗಿಲಿಗೆ ಜನ ಮುಗಿಬಿದ್ದ ಹಾಗೆ. ಬೆಳಕು ಬಿಟ್ಟು ನೆರಳಿಗೆ ಸರಿದಿದ್ದವು. ಹೀಗೆ ಒತ್ತಿ ಕೂತರೆ ಎರಡೆರಡು ಹುಳ ಸೇರಿ ಒಂದೇ ಗೂಡು ಕಟ್ಟುತ್ತವೆ. ಜೋಡಿ ಗೂಡು. ಅದರ ಎಳೆ ಒಂದಕ್ಕೊಂದು ಸುತ್ತಿಕೊಂಡಿರುತ್ತದೆ, ಸರಿಯಾಗಿ ಬಿಚ್ಚುವುದಿಲ್ಲ, ನೂಲು ತೆಗೆಯುವವರು ಬದಿಗಿಡುತ್ತಾರೆ.

ಟಿ.ವಿ.ಯಲ್ಲಿ ಧಾರಾವಾಹಿ ನಡೆದಿತ್ತು. ನಾನು ಆ್ಯಪ್ ತೆಗೆದು ನೋಡುತ್ತಿದ್ದಂತೆ ಜಾಹೀರಾತು ಬಂತು. ಬಟ್ಟೆ ಸೋಪಿನದು. ಪರದೆಯ ತುಂಬ ಬಿಳಿ ಅಂಗಿಗಳು ಹಾರಿದವು. ಹಜಾರವೆಲ್ಲ ಬೆಳ್ಳಗಾಯಿತು, ಬಿದಿರ ಪಟ್ಟಿಗಳ ನೆರಳು ಗೋಡೆಗೆ ಬಿತ್ತು, ಅಂಚಿನಲ್ಲಿದ್ದ ಹುಳಗಳು ತಲೆ ಎತ್ತಿ ಆಚೀಚೆ ಆಡಿಸಿದವು. ಹೊಳಪು ಕಡೆಯ ಅಂಚಿನಲ್ಲೇ ಇತ್ತು. ಕೆಳಗೆ ಇಳಿಸಲು ಇನ್ನು ಜಾಗವಿರಲಿಲ್ಲ. ಕತ್ತಲನ್ನು ಅಷ್ಟೆಲ್ಲ ಪರೀಕ್ಷಿಸಿದ್ದೆವು, ಬಿಳಿಯನ್ನು ಯಾರೂ ನೋಡಿರಲಿಲ್ಲ.

“ಇವತ್ತು ಯಾಕೆ ಹಾಕಿದ್ರಿ?” ಎಂದು ಕೇಳಿದೆ.

ಆಕೆ ಟಿ.ವಿ. ಆರಿಸಿ ಹೇಳಿದಳು: “ಉಣ್ಣೋದು ನಿಲ್ಲಿಸ್ಬುಟ್ಟವೆ ಕಣಕ್ಕ. ಒಂದ್ ವಾರ ಆ ಸದ್ದು. ಬೆಳಿಗ್ಗೆ ಎದ್ರೆ ಏನೂ ಇಲ್ಲ. ಮನೆ ಬಿಕೋ ಅಂತಿತ್ತು. ಕೇಳಿ ನೀವೇ.”

ಕೇಳಿದೆ. ಹಣ್ಣಾದ ಹುಳಕ್ಕೆ ಸದ್ದಿಲ್ಲ. ಅಷ್ಟು ಜೀವಗಳಿರುವ ಕೋಣೆ ಅಷ್ಟು ಮೌನವಾಗಿರುವುದನ್ನು ನಾನು ಎಲ್ಲೂ ಕೇಳಿಲ್ಲ.

ಕಿಟಕಿಯಲ್ಲಿ ಮೈದುನನ ತಲೆ ಕಂಡಿತು. “ಅತ್ಗೆ, ಕರೀರಿ. ನಾವೇನ್ ಹೊರಗಿನೋರಾ? ನಾನು, ನಮ್ಮನೆಯೋಳು ಇಬ್ರೂ ಬತ್ತೀವಿ. ಒತ್ತಾಗಿರೋವ್ನ ಆಯ್ದು ಈಕಡೆ ಬುಡೋಣ.”

ಕರೆದರೆ ಆಗಿಹೋಗುತ್ತಿತ್ತು. ಹುಳವೂ ಉಳಿಯುತ್ತಿತ್ತು. ಒಬ್ಬಳ ಕೈಲಿ ಆಗಲಿಲ್ಲ ಎನ್ನುವುದೂ ನಿಜವಾಗುತ್ತಿತ್ತು. ಆಕೆ ನನ್ನನ್ನು ಯಾಕೆ ಕರೆಸಿದಳು ಎಂಬುದು ನನಗೆ ಆಗ ತಿಳಿಯಿತು, ಅಥವಾ ಆಗ ತಿಳಿಯಿತೆಂದು ಈಗ ಅನಿಸುತ್ತಿದೆ. ಟಿ.ವಿ. ಆರಿಸುವುದು ಆಕೆಗೆ ಗೊತ್ತಿತ್ತು. ಇನ್ನೆರಡು ಕೈ ಬೇಕಿತ್ತು. ತೊಂದರೆ ಇದ್ದರೆ ಫೋನ್ ಮಾಡಿ ಎಂದು ಹೇಳಿದ್ದವಳು ನಾನೊಬ್ಬಳೇ.

“ಟಿ.ವಿ. ರಿಪೇರಿಗೆ ಬಂದವ್ರೆ, ಒಸಿ ಆಚೆ ಇರು” ಎಂದಳು ಮೈದುನನಿಗೆ.

“ರಿಪೇರಿ ಆಗ್ಲಿ ಆಗ್ಲಿ. ಗೂಡು ಬಿಡಿಸೋ ದಿನ ಬತ್ತೀನಿ. ಜೋಡಿ ಎಷ್ಟು ಬಿದ್ದವೆ ನೋಡನ” ಎಂದು ಅವನು ಹೋದ.

ಮತ್ತೆ ಹಾಕುವ ಆಸೆ ಬಾರದಿರಲೆಂದು ಟಿ.ವಿ.ಯನ್ನು ಹೊರಗೆ ಸಾಗಿಸಲು ನೋಡಿದೆವು. ಬಾಗಿಲಿಗೆ ಚಂದ್ರಿಕೆಗಳ ನಡುವೆಯೇ ಹೋಗಬೇಕು. ಒಂದಕ್ಕೆ ತಾಗಿದರೂ ಎಳೆ ಬಿಡಲು ಶುರುಮಾಡಿದ ಹುಳ ನಿಲ್ಲಿಸುತ್ತದೆ. ಬಿಟ್ಟೆವು. ಯಾವ ಹುಳವನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂದು ಆಕೆ ತೋರಿಸಿಕೊಟ್ಟಳು. ಸುತ್ತ ತೆಳ್ಳಗೆ ಜೇಡರ ಬಲೆಯಂಥದ್ದು ಕಂಡರೆ ಕೆಲಸ ಶುರುವಾಗಿದೆ, ಕೈ ಹಾಕಬಾರದು. ತಲೆ ಎತ್ತಿ ಜಾಗ ಹುಡುಕುತ್ತಿರುವುದನ್ನು ಬೆರಳ ತುದಿಯಲ್ಲಿ ಎತ್ತಿ ಬರಿದಾದ ಕಡೆ ಒಂದೊಂದು ಸಂದಿಗೆ ಒಂದೊಂದರಂತೆ ಬಿಡಬೇಕು. ಹಣ್ಣು ಹುಳ ತಣ್ಣಗಿರುತ್ತದೆ. ಮೊದಲ ಕೆಲವಕ್ಕೆ ನನ್ನ ಬೆರಳು ಹಿಂಜರಿದವು.

“ಅದೇನ್ ಸ್ಕ್ರೂ ಅಲ್ಲ ಕಣಕ್ಕ, ಅಷ್ಟು ಬಿಗಿಯಾಗಿ ಹಿಡೀಬೇಡಿ” ಎಂದಳು.

ಸ್ವಲ್ಪ ಹೊತ್ತಿಗೆ ಮೌನ ಮತ್ತೆ ಬಂದು ಕೂತಿತು. ಆಕೆ ಮಾತಾಡುತ್ತಿರಲಿಲ್ಲ, ಎಣಿಸುತ್ತಲೂ ಇರಲಿಲ್ಲ, ಆದರೆ ಮೂಗಿನಿಂದ ಉಸಿರು ಬಿಡುವುದು ಕೇಳುತ್ತಿತ್ತು. ನನ್ನ ಕೆಲಸದಲ್ಲಿ ಯಾರೂ ಕೇಳದ ಒಂದು ಆಯ್ಕೆ ಇದೆ. ಮೆನುವಿನಲ್ಲಿ ತುಂಬ ಕೆಳಗೆ, ಶಬ್ದದ ಪಟ್ಟಿಯಲ್ಲೂ ಅಲ್ಲ, ಚಿತ್ರದ ಪಟ್ಟಿಯಲ್ಲೂ ಅಲ್ಲ, ವಿದ್ಯುತ್ ಉಳಿಸುವ ಪಟ್ಟಿಯಲ್ಲಿ: ಚಿತ್ರ ಆಫ್. ಟಿ.ವಿ. ನಡೆಯುತ್ತಿರುತ್ತದೆ, ದನಿ ಬರುತ್ತದೆ, ಪರದೆ ಸತ್ತಿರುತ್ತದೆ. ಇಷ್ಟು ದೊಡ್ಡ ಪರದೆ ಕೊಂಡವರಿಗೆ ಅದನ್ನು ತೋರಿಸಿದರೆ ಮಾಲೀಕರು ನನ್ನನ್ನು ಮನೆಗೆ ಕಳಿಸುತ್ತಾರೆ. ಕೈ ಒರೆಸಿಕೊಂಡು ಹೋಗಿ, ಪರದೆಗೆ ಮೈ ಅಡ್ಡ ಮಾಡಿ ಟಿ.ವಿ. ಹಾಕಿ, ವಾರ್ತೆಗೆ ತಿರುಗಿಸಿ ಅದನ್ನು ಒತ್ತಿದೆ.

ಕತ್ತಲಿನಿಂದ ವಾರ್ತೆಯವಳು ಮಾತಾಡಲು ಶುರುಮಾಡಿದಳು. ಎಲ್ಲಿಯೋ ರಸ್ತೆ ಕುಸಿದಿತ್ತು. ಯಾರೋ ಯಾರನ್ನೋ ಖಂಡಿಸಿದ್ದರು.

ಆಕೆ ತಲೆ ಎತ್ತಿ ಪರದೆ ನೋಡಿದಳು. “ಇದು ಮುಂಚೇನೇ ಇತ್ತಾ?”

“ಇತ್ತು.”

“ಅಂಗಡೀಲಿ ಯಾಕೆ ಹೇಳ್ನಿಲ್ಲ?”

“ಮುಖ ಬೇಕು ಅಂದಿದ್ರಲ್ಲ.”

ಆಕೆ ಊಂ ಎಂದಳು, ನನಗೋ ವಾರ್ತೆಯವಳಿಗೋ ಗೊತ್ತಾಗಲಿಲ್ಲ. ನಾವು ಹುಳ ಆಯುತ್ತ ಹೋದೆವು. ಒಮ್ಮೆ ಸೊಂಟ ನೆಟ್ಟಗೆ ಮಾಡಲು ಇಬ್ಬರೂ ಒಟ್ಟಿಗೆ ನಿಂತಾಗ ಎದುರಿನ ಕಪ್ಪು ಗಾಜಿನಲ್ಲಿ ನಾವಿಬ್ಬರೂ ಕಂಡೆವು. ಪಕ್ಕಪಕ್ಕದಲ್ಲಿ ಎರಡು ಮುಖಗಳು. ಮನುಷ್ಯರ ಮುಖದಷ್ಟೇ ಇದ್ದವು. ಆಕೆಯೂ ನೋಡಿದಳು. ಕೂದಲಿಗೆ ಸಿಕ್ಕಿದ್ದ ಒಂದು ಹುಳವನ್ನು ಗಾಜು ನೋಡಿಕೊಂಡೇ ತೆಗೆದು ಸಂದಿಗೆ ಬಿಟ್ಟಳು. ಬೆಳಕು ಇಳಿಯುವ ಮುಂಚೆ ನಾನು ಹೊರಟೆ.

ಗೂಡು ಬಿಡಿಸಿದ ಮೇಲೆ ಗೋಡೆಗೆ ಕೂರಿಸಲು ಕರೆದಳು. ಹುಳದ ಮನೆ ತೊಳೆದಿತ್ತು. ಡ್ರಿಲ್ಲಿಗೆ ಈಗ ಅಡ್ಡಿ ಇರಲಿಲ್ಲ. ಹಜಾರದಲ್ಲಿ ನೆರೆಯ ಹೆಂಗಸರು, ಅವರ ಮಕ್ಕಳು, ಒಂದು ಕುರಿಮರಿ. ನನಗೆ ಕಾಫಿ ಕೊಡುತ್ತ, “ಇವ್ರೇ ಕಣ್ರವ್ವ, ಟಿ.ವಿ. ರಿಪೇರಿಗೆ ಬಂದು ಹುಳ ಆಯ್ಕೊಟ್ಟೋರು” ಎಂದಳು. ಎಲ್ಲರೂ ನಕ್ಕರು.

“ಜೋಡಿ ಎಷ್ಟು ಬಿತ್ತು?” ಎಂದು ಮೆಲ್ಲಗೆ ಕೇಳಿದೆ.

“ಯಾವಾಗ್ಲೂ ಬೀಳೋದ್ಕಿಂತ ಒಸಿ ಜಾಸ್ತಿ. ಒಂದ್ ಮೊರ. ನನ್ ಮೈದ್ನ ಮೊರ ನೋಡ್ದ, ಪಕ್ಕದಾಗಿನ ಒಳ್ಳೆ ಗೂಡಿನ ರಾಶಿ ನೋಡ್ದ, ಬಸ್ಸಿಗ್ ಹೊತ್ತಾಯ್ತು ಅಂತ ಹೋದ. ಅವತ್ತು ಬಸ್ಸೇ ಇರ್ನಿಲ್ಲ.”

ಕೀ ಆಕೆಯ ಸೊಂಟದಲ್ಲೇ ಇತ್ತು. ಗೋಡೆಗೆ ಹಾಕಿ ಮಟ್ಟ ನೋಡಿ, ಚಿತ್ರ ಹಾಕಿದೆ. ವಾರ್ತೆಯವಳ ಮುಖಕ್ಕೆ ಮಕ್ಕಳು ಬಂದು ಬಂದು ಗೇಣು ಹಾಕಿದರು. ಅವರಿಗೆ ಆ ಆಟ ಆಕೆಯೇ ಕಲಿಸಿರಬೇಕು. ಮಾತಿನ ಗದ್ದಲದಲ್ಲಿ ಯಾರೂ ಟಿ.ವಿ. ಕೇಳುತ್ತಿರಲಿಲ್ಲ. ‘ಚಿತ್ರ ಆಫ್’ ಹೇಗೆ ಮಾಡುವುದೆಂದು ತೋರಿಸಿದೆ. ಎರಡು ಸಲ ತಾನೇ ಮಾಡಿ ತೋರಿಸಿದಳು. ಹೊರಡುವಾಗ, “ಏನೇ ತೊಂದರೆ ಇದ್ದರೂ...” ಎಂದೆ.

“ಇನ್ನೇನ್ ತೊಂದ್ರೆ ಬತ್ತದೆ ಬುಡಿ ಅಕ್ಕ. ಎಲ್ಲಾ ತೋರಿಸ್ಕೊಟ್ಟಿದೀರಲ್ಲ.”

ಇದನ್ನು ಬರೆಯುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಮನೆಯಲ್ಲಿ ನನ್ನದೊಂದು ಹಳೆಯ ಟಿ.ವಿ. ಇದೆ. ಅದನ್ನು ಆರಿಸಿ ಎದುರು ನಿಂತು, ಗಾಜಿನಲ್ಲಿ ಕಂಡ ನನ್ನ ಮುಖಕ್ಕೆ ಗೇಣು ಹಾಕಿದೆ. ಅರ್ಧ ಗೇಣಷ್ಟೇ ಬಂತು. ಹಿಂದೆ ಸರಿದೆ, ಮುಂದೆ ಬಂದೆ, ಕೈ ಚಾಚುವಷ್ಟು ದೂರದಿಂದ ಬಳಪದಲ್ಲಿ ಗುರುತು ಹಾಕಿದೆ. ಎಲ್ಲಿ ನಿಂತರೂ ಅಷ್ಟೇ. ಗಾಜಿನ ಮೇಲೆ ಬೀಳುವ ಮುಖ ಯಾವಾಗಲೂ ಅರ್ಧವೇ, ಅದು ಬೆಳಕಿನ ನಿಯಮ, ಪರದೆ ಎಷ್ಟು ಇಂಚಿನದಾದರೂ. ಅಂದ ಮೇಲೆ ಆ ಹಜಾರದಲ್ಲಿ ಮುಖಗಳು ಮನುಷ್ಯರ ಮುಖದಷ್ಟೇ ಇದ್ದವು ಎಂದು ಮೇಲೆ ಬರೆದದ್ದು ತಪ್ಪು. ಆ ವಾಕ್ಯ ತೆಗೆಯಬೇಕಿತ್ತು. ಬಿಟ್ಟಿದ್ದೇನೆ.

ಮುಂದಿನ ಬೆಳೆಯ ಹುಳ ಈಗ ಹಣ್ಣಾಗುತ್ತಿರಬೇಕು. ಸೊಪ್ಪು ಕಡಿಯುವ ಸದ್ದು ಇಂದೋ ನಾಳೆಯೋ ನಿಲ್ಲುತ್ತದೆ, ಆಕೆ ಮೆನುವಿನ ಕೆಳಗಿನವರೆಗೆ ಹೋಗಿ ಚಿತ್ರ ಆರಿಸುತ್ತಾಳೆ, ಕತ್ತಲಿನಿಂದ ಬರುವ ದನಿಗೆ ಊಂ ಎನ್ನುತ್ತಾಳೆ. ಟಿ.ವಿ.ಯಲ್ಲಿ ಏನೂ ದೋಷವಿಲ್ಲ. ಅಂಗಡಿಯಲ್ಲಿ ಫೋನನ್ನು ಗಿಳಿಗಳ ಕೆಳಗೆ, ಕಾಣುವ ಹಾಗೆ ಇಟ್ಟುಕೊಂಡಿದ್ದೇನೆ.